ಗೆದ್ದ ಜ್ವರ, ಗೆಲ್ಲದ ಜ್ವರ: ಸಿಂಹಳ ದ್ವೀಪದ ಸೊಳ್ಳೆಗಳು ಕಲಿಸುವ ಪಾಠ

ರಾಮೇಶ್ವರದ ಯಾತ್ರೆಗೆ ಹೋದವರು ಧನುಷ್ಕೋಟಿಯ ಮರಳದಂಡೆಯ ತುದಿಯಲ್ಲಿ ನಿಂತು ಕಡಲನ್ನು ನೋಡಿಯೇ ಇರುತ್ತಾರೆ. ಅಲ್ಲಿಂದ ಸುಮಾರು 30 ಕಿಲೋಮೀಟರುಗಳಾಚೆ ಶ್ರೀಲಂಕೆಯ ಮನ್ನಾರ್ ತೀರವಿದೆ. ಹಿಂದಿನವರು ಸಿಂಹಳ ದ್ವೀಪವೆಂದು ಕರೆದ ಈ ನಾಡು ಹವೆಯಲ್ಲಿ, ಬೆಳೆಯಲ್ಲಿ, ಜನಜೀವನದಲ್ಲಿ ನಮ್ಮ ಕರಾವಳಿಗೂ ಮಲೆನಾಡಿಗೂ ಬಹಳ ಹತ್ತಿರವಾದುದು. ಸೊಳ್ಳೆಗಳಿಂದ ಹರಡುವ ರೋಗಗಳ ವಿಷಯದಲ್ಲಿ ಈ ದ್ವೀಪದ ಅನುಭವವು ಜಗತ್ತಿನ ವೈದ್ಯರೆಲ್ಲ ಗಮನವಿಟ್ಟು ಓದುವ ಒಂದು ಪಾಠವಾಗಿದೆ.

2016ರ ಸೆಪ್ಟೆಂಬರ್ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಶ್ರೀಲಂಕೆಯು ಮಲೇರಿಯಾದಿಂದ ಮುಕ್ತವಾಗಿದೆಯೆಂದು ಘೋಷಿಸಿತು. ಶತಮಾನಗಳ ಕಾಲ ಆ ನಾಡನ್ನು ಕಾಡಿದ ಚಳಿಜ್ವರವು ಅಲ್ಲಿಂದ ಕಾಲ್ತೆಗೆದಿತ್ತು. ಆದರೆ ಆ ಸಂತೋಷಕ್ಕೆ ಒಂದು ವರ್ಷ ತುಂಬುವ ಮೊದಲೇ ಅದೇ ದ್ವೀಪದ ಆಸ್ಪತ್ರೆಗಳಲ್ಲಿ ಮಂಚಗಳು ಸಾಲದಾದವು. 2017ರ ಒಂದೇ ವರ್ಷದಲ್ಲಿ 1,86,000ಕ್ಕೂ ಹೆಚ್ಚು ಜನರಿಗೆ ಡೆಂಗಿ ಜ್ವರ ತಗುಲಿತು. ನಾನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮಲೇರಿಯಾವನ್ನು ತರುವುದೂ ಸೊಳ್ಳೆಯೇ, ಡೆಂಗಿಯನ್ನು ತರುವುದೂ ಸೊಳ್ಳೆಯೇ. ಒಂದನ್ನು ಬೇರುಸಹಿತ ಕಿತ್ತೆಸೆದ ನಾಡು ಇನ್ನೊಂದರ ಮುಂದೆ ಏಕೆ ತತ್ತರಿಸಿತು? ಈ ಪ್ರಶ್ನೆಗೆ ಉತ್ತರ ತಿಳಿದರೆ ನಮ್ಮ ನಮ್ಮ ಮನೆಗಳಲ್ಲಿ ನಾವು ಮಾಡಬೇಕಾದುದೇನೆಂಬುದೂ ತಿಳಿಯುತ್ತದೆ.

ಸೊಳ್ಳೆಯ ಬಾಳು

ಮೊದಲು ಸೊಳ್ಳೆಯ ಸ್ವಭಾವವನ್ನು ತಿಳಿಯೋಣ. ಸೊಳ್ಳೆಯ ಬಾಳಿನಲ್ಲಿ ನಾಲ್ಕು ಅವಸ್ಥೆಗಳಿವೆ: ಮೊಟ್ಟೆ, ಮರಿಹುಳು, ಕೋಶ ಮತ್ತು ರೆಕ್ಕೆ ಬಂದ ಸೊಳ್ಳೆ. ಇವುಗಳಲ್ಲಿ ಮರಿಹುಳು ಮತ್ತು ಕೋಶಗಳು ನೀರಿನಲ್ಲಿಯೇ ಇರಬೇಕು; ನೀರಿಲ್ಲದೆ ಅವು ಬದುಕಲಾರವು. ನಿಂತ ನೀರಿನಲ್ಲಿ ಸಣ್ಣ ದಾರದ ತುಣುಕಿನಂತೆ ಕೊಂಕಿ ಕೊಂಕಿ ಓಡಾಡುವ ಹುಳುಗಳನ್ನು ನಾವೆಲ್ಲ ಕಂಡಿದ್ದೇವೆ. ಅವೇ ಸೊಳ್ಳೆಯ ಮರಿಹುಳುಗಳು. ನಮ್ಮ ಹವೆಯಲ್ಲಿ ಮೊಟ್ಟೆಯು ಸೊಳ್ಳೆಯಾಗಿ ಹಾರಲು ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳು ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿರಿ ಎಂದು ಆರೋಗ್ಯ ಇಲಾಖೆಯವರು ಹೇಳುವುದು ಈ ಲೆಕ್ಕದಿಂದಲೇ.

ಗಂಡುಸೊಳ್ಳೆಯು ಹೂವಿನ ಮಕರಂದವನ್ನೂ ಗಿಡದ ರಸವನ್ನೂ ಕುಡಿದು ಬದುಕುತ್ತದೆ. ಅದು ಯಾರನ್ನೂ ಕಚ್ಚುವುದಿಲ್ಲ. ಹೆಣ್ಣುಸೊಳ್ಳೆಗೆ ಮೊಟ್ಟೆಯಿಡಲು ರಕ್ತದ ಪೋಷಣೆ ಬೇಕಾದುದರಿಂದ ಅದು ಕಚ್ಚುತ್ತದೆ. ಸಾಮಾನ್ಯವಾಗಿ ಸೊಳ್ಳೆಯು ಹುಟ್ಟುವಾಗಲೇ ರೋಗವನ್ನು ಹೊತ್ತು ಬರುವುದಿಲ್ಲ. ರೋಗಿಯೊಬ್ಬನ ರಕ್ತವನ್ನು ಹೀರಿದಾಗ ಅದರ ಒಡಲಿಗೆ ರೋಗಾಣು ಸೇರುತ್ತದೆ. ಅಲ್ಲಿ ಒಂದೆರಡು ವಾರ ಬೆಳೆದು ಜೊಲ್ಲುಗ್ರಂಥಿಯನ್ನು ಮುಟ್ಟುತ್ತದೆ. ಆಮೇಲೆ ಆ ಸೊಳ್ಳೆ ಕಚ್ಚಿದವರಿಗೆಲ್ಲ ರೋಗ ದಾಟುತ್ತದೆ. ಆದ್ದರಿಂದ ಜ್ವರ ಬಂದವರನ್ನು ಸೊಳ್ಳೆಯಿಂದ ಕಾಪಾಡುವುದೆಂದರೆ ಮನೆಯ ಉಳಿದವರನ್ನು ರೋಗದಿಂದ ಕಾಪಾಡಿದಂತೆಯೇ ಸರಿ.

ಎಲ್ಲ ಸೊಳ್ಳೆಗಳೂ ಒಂದೇ ಬಗೆಯವಲ್ಲ. ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಸೊಳ್ಳೆ. ಅದು ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಕುಳಿತಾಗ ಬಾಲವನ್ನು ಮೇಲೆತ್ತಿ ಓರೆಯಾಗಿ ಕುಳಿತುಕೊಳ್ಳುತ್ತದೆ. ಡೆಂಗಿ ಮತ್ತು ಚಿಕುನ್‌ಗುನ್ಯಾಗಳನ್ನು ಹರಡುವುದು ಈಡಿಸ್ ಸೊಳ್ಳೆ. ಕಪ್ಪು ಮೈಯ ಮೇಲೆ, ಕಾಲುಗಳ ಮೇಲೆ ಬಿಳಿಯ ಪಟ್ಟೆಗಳಿರುವ ಇದು ಹಗಲಿನಲ್ಲಿ, ವಿಶೇಷವಾಗಿ ಮುಂಜಾನೆ ಮತ್ತು ಇಳಿಹೊತ್ತಿನಲ್ಲಿ ಕಚ್ಚುತ್ತದೆ. ಮೂರನೆಯದು ಕ್ಯೂಲೆಕ್ಸ್. ಚರಂಡಿಯ ಕೊಳಚೆಯಲ್ಲಿ ಹುಟ್ಟಿ ರಾತ್ರಿ ನಮ್ಮ ಕಿವಿಯ ಬಳಿ ಗುಂಯ್‌ಗುಡುವ ಸೊಳ್ಳೆ ಬಹುತೇಕ ಇದೇ. ಇದು ಆನೆಕಾಲು ರೋಗವನ್ನು ಹರಡುತ್ತದೆ. ಆನೆಕಾಲು ರೋಗವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ಮಾಡಿದ ಮನ್ನಣೆಯೂ ಶ್ರೀಲಂಕೆಗೆ 2016ರಲ್ಲಿಯೇ ದೊರೆಯಿತು. ಹುಟ್ಟುವ ನೀರು ಬೇರೆ, ಕಚ್ಚುವ ಹೊತ್ತು ಬೇರೆ ಎಂಬ ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಮಳೆ ಬಾರದ ವರ್ಷದ ಜ್ವರ

ಶ್ರೀಲಂಕೆಯ ನೈಋತ್ಯ ಭಾಗವು ಹೆಚ್ಚು ಮಳೆಯ ನಾಡು. ಉತ್ತರ ಮತ್ತು ಪೂರ್ವದ ಭಾಗಗಳು ಒಣನಾಡು. ಅನುರಾಧಪುರ, ಪೊಲೊನ್ನರುವದಂತಹ ಪ್ರಾಚೀನ ರಾಜಧಾನಿಗಳೂ ದೊಡ್ಡ ದೊಡ್ಡ ಕೆರೆಗಳೂ ಇರುವುದು ಒಣನಾಡಿನಲ್ಲಿ. ಮಲೇರಿಯಾ ನೆಲೆಯಾಗಿದ್ದುದೂ ಅಲ್ಲಿಯೇ. ಚಿಕ್ಕಂದಿನಿಂದಲೂ ಪದೇ ಪದೇ ಜ್ವರಕ್ಕೆ ತುತ್ತಾದ ಅಲ್ಲಿನ ಜನರಲ್ಲಿ ಸ್ವಲ್ಪಮಟ್ಟಿನ ನಿರೋಧಶಕ್ತಿ ಬೆಳೆದಿರುತ್ತಿತ್ತು. ಮಳೆನಾಡಿನವರಿಗೆ ಆ ರೋಗದ ಪರಿಚಯ ಅಷ್ಟಾಗಿ ಇರಲಿಲ್ಲ. ಏಕೆಂದರೆ ಅಲ್ಲಿ ಮಲೇರಿಯಾವನ್ನು ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆಯು ಬಿಸಿಲು ಬೀಳುವ, ನಿಂತ, ತಿಳಿನೀರಿನ ಗುಂಡಿಗಳಲ್ಲಿ ಮೊಟ್ಟೆಯಿಡುತ್ತದೆ. ತುಂಬಿ ಹರಿಯುವ ಹೊಳೆಯಲ್ಲಿ ಅದರ ಮರಿಹುಳು ಕೊಚ್ಚಿಹೋಗುತ್ತದೆ.

1934ರಲ್ಲಿ ಮುಂಗಾರು ಕೈಕೊಟ್ಟಿತು. ಮಳೆನಾಡಿನ ಹೊಳೆಗಳು ಬತ್ತಿ, ಪಾತ್ರದ ಉದ್ದಕ್ಕೂ ಸಾವಿರಾರು ಗುಂಡಿಗಳಾಗಿ ಒಡೆದು ನಿಂತವು. ಆ ಪ್ರತಿಯೊಂದು ಗುಂಡಿಯೂ ಸೊಳ್ಳೆಯ ತೊಟ್ಟಿಲಾಯಿತು. ಮಳೆ ಹೆಚ್ಚಾದರೆ ಸೊಳ್ಳೆ ಹೆಚ್ಚು ಎಂಬುದು ನಮ್ಮೆಲ್ಲರ ಸಾಮಾನ್ಯ ತಿಳಿವಳಿಕೆ. ಇಲ್ಲಿ ಮಳೆ ಬಾರದೆಯೇ ಸೊಳ್ಳೆ ಹೆಚ್ಚಿತು. ವರ್ಷದ ಕೊನೆಯ ಹೊತ್ತಿಗೆ ಕೆಗಲ್ಲೆ, ಕುರುನೆಗಲ ಮೊದಲಾದ ಜಿಲ್ಲೆಗಳಲ್ಲಿ ಮನೆಮನೆಯಲ್ಲಿಯೂ ಚಳಿಜ್ವರ ಕಾಣಿಸಿಕೊಂಡಿತು. ಆಗ ಆ ದ್ವೀಪದ ಜನಸಂಖ್ಯೆ 50 ಲಕ್ಷಕ್ಕೆ ತುಸು ಹೆಚ್ಚು. ಅವರಲ್ಲಿ ಸುಮಾರು 15 ಲಕ್ಷ ಮಂದಿ ಹಾಸಿಗೆ ಹಿಡಿದರು. 1935ರಲ್ಲಿ ಜ್ವರದ ಅಬ್ಬರ ತಗ್ಗುವ ವೇಳೆಗೆ ಸುಮಾರು 80,000 ಜನರು ಮಡಿದಿದ್ದರು. ಬೆಳೆಯಿಲ್ಲದೆ ಹಸಿದು ಸೊರಗಿದ ದೇಹಗಳು ಜ್ವರದ ಪೆಟ್ಟನ್ನು ತಾಳಲಿಲ್ಲ. ಮಕ್ಕಳ ಸಾವು ಬಹಳವಾಯಿತು. ಸ್ವಯಂಸೇವಕರು ಹಳ್ಳಿಹಳ್ಳಿಗೆ ನಡೆದು ಕ್ವಿನೈನ್ ಔಷಧಿಯ ಜೊತೆಗೆ ಆಹಾರವನ್ನೂ ಹಂಚಿದರು. ಔಷಧಿಯೊಂದರಿಂದಲೇ ರೋಗ ವಾಸಿಯಾಗದು, ಹೊಟ್ಟೆಗೆ ಅನ್ನವೂ ಬೇಕು ಎಂಬ ಸತ್ಯವನ್ನು ಆ ದುರಂತವು ಎತ್ತಿ ತೋರಿಸಿತು.

ಹದಿನೇಳಕ್ಕೆ ಇಳಿದು ಐದು ಲಕ್ಷಕ್ಕೆ ಏರಿದ ಬಗೆ

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಡಿಡಿಟಿ ಎಂಬ ಕೀಟನಾಶಕವು ಬಳಕೆಗೆ ಬಂದಿತು. ರಕ್ತ ಕುಡಿದ ಅನಾಫಿಲಿಸ್ ಸೊಳ್ಳೆಯು ಭಾರದಿಂದ ಹಾರಲಾರದೆ ಮನೆಯ ಗೋಡೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತದೆ. ಆ ಗೋಡೆಗೆ ಡಿಡಿಟಿ ಬಳಿದಿದ್ದರೆ, ರೋಗಾಣುವು ಅದರ ಒಡಲಿನಲ್ಲಿ ಪಕ್ವವಾಗುವ ಮೊದಲೇ ಸೊಳ್ಳೆ ಸಾಯುತ್ತದೆ. ಈ ಸರಳ ಉಪಾಯವು ಅದ್ಭುತವಾದ ಫಲ ನೀಡಿತು. 1946ರಲ್ಲಿ 27 ಲಕ್ಷಕ್ಕೂ ಹೆಚ್ಚು ಮಲೇರಿಯಾ ಪ್ರಕರಣಗಳು ದಾಖಲಾಗಿದ್ದ ನಾಡಿನಲ್ಲಿ 1963ರ ಇಡೀ ವರ್ಷದಲ್ಲಿ ಕಂಡುಬಂದ ಪ್ರಕರಣಗಳು ಕೇವಲ 17. ಅವುಗಳಲ್ಲಿಯೂ ಹೆಚ್ಚಿನವು ಹೊರನಾಡಿನಿಂದ ಬಂದವು.

ಹದಿನೇಳು! ಇನ್ನೇನು ಉಳಿದಿದೆಯೆಂದು ಯಾರಿಗಾದರೂ ಅನ್ನಿಸುವುದು ಸಹಜ. ಗೋಡೆಗೆ ಔಷಧಿ ಸಿಂಪಡಿಸುವ ಕೆಲಸವನ್ನು ನಿಲ್ಲಿಸಲಾಯಿತು. ಜ್ವರದವರ ರಕ್ತಪರೀಕ್ಷೆಯೂ ಸಡಿಲವಾಯಿತು. ಅಷ್ಟರಲ್ಲಿ ಮತ್ತೆ ಮಳೆ ಕಡಿಮೆಯಾಗಿ ಹೊಳೆಗಳಲ್ಲಿ ಗುಂಡಿಗಳು ನಿಂತವು. ರತ್ನದ ಕಲ್ಲುಗಳನ್ನು ಅರಸಿ ಜನರು ಕಾಡುಗಳಲ್ಲಿ ತೋಡಿದ ಹೊಂಡಗಳಲ್ಲಿಯೂ ನೀರು ತುಂಬಿತು. ಅಲ್ಲಿಗೆ ಹೋದವರು ಜ್ವರವನ್ನು ಊರೂರಿಗೆ ಕೊಂಡೊಯ್ದರು. 1969ರಲ್ಲಿ ಪ್ರಕರಣಗಳ ಸಂಖ್ಯೆ ಐದು ಲಕ್ಷವನ್ನು ದಾಟಿತು. ಮತ್ತೆ ಡಿಡಿಟಿಯನ್ನು ಹಿಡಿದು ಹೊರಟರೆ ಸೊಳ್ಳೆಗಳು ಅದಕ್ಕೆ ಒಗ್ಗಿಹೋಗಿದ್ದವು. ಬೇರೆ ಕೀಟನಾಶಕವನ್ನು ತರಬೇಕಾಯಿತು. ಮುಂದೆ ಮೂರು ದಶಕಗಳ ಕಾಲ ಆ ನಾಡು ಏರುತ್ತ ಇಳಿಯುತ್ತ ಜ್ವರದೊಡನೆ ಹೋರಾಡಿತು.

ಈ ಹದಿನೇಳು ಎಂಬ ಎಣಿಕೆಯನ್ನು ನಾವು ಮರೆಯಬಾರದು. ರೋಗವು ಕಣ್ಣಿಗೆ ಕಾಣದಷ್ಟು ಕಡಿಮೆಯಾದಾಗ ನಮಗೆ ಅದರ ಭಯ ಹೋಗುತ್ತದೆ. ಭಯ ಹೋದೊಡನೆ ಎಚ್ಚರವೂ ಹೋಗುತ್ತದೆ. ರೋಗವು ಕಾಯುತ್ತಿರುವುದು ಆ ಗಳಿಗೆಯನ್ನೇ. ಸಾಲವನ್ನು ಪೂರ್ತಿ ತೀರಿಸದೆ ಸ್ವಲ್ಪ ಉಳಿಸಿದರೆ ಬಡ್ಡಿ ಬೆಳೆದು ಮೊದಲಿನಷ್ಟೇ ಆಗುವಂತೆ, ಅಳಿದುಳಿದ ಜ್ವರವು ಮತ್ತೆ ಬೆಳೆದು ನಿಲ್ಲುತ್ತದೆ.

ಎರಡನೆಯ ಗೆಲುವು

1999ರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಇದ್ದ ದ್ವೀಪವು ಹದಿಮೂರು ವರ್ಷಗಳಲ್ಲಿ ಸೊನ್ನೆಗೆ ಇಳಿದುದು ಹೇಗೆ? ಈ ಬಾರಿ ಸೊಳ್ಳೆಯನ್ನು ಕೊಲ್ಲುವುದರ ಜೊತೆಗೆ ರೋಗಾಣುವನ್ನು ಮನುಷ್ಯರ ಮೈಯಲ್ಲಿಯೇ ಹುಡುಕಿ ತೆಗೆಯುವ ಕೆಲಸಕ್ಕೆ ಒತ್ತು ಕೊಟ್ಟರು. ವೈದ್ಯರಿಲ್ಲದ ಹಳ್ಳಿಗಳಿಗೆ ಸಂಚಾರಿ ಚಿಕಿತ್ಸಾಲಯಗಳು ಹೋದವು. ಜ್ವರವೆಂದು ಬಂದವರ ಬೆರಳಿನಿಂದ ಒಂದು ತೊಟ್ಟು ರಕ್ತ ತೆಗೆದು ಪರೀಕ್ಷಿಸಲಾಯಿತು. ಸೊಳ್ಳೆ ಬೆಳೆಯುವ ಹೊಂಡಗಳಿಗೆ ಮರಿಹುಳುಗಳನ್ನು ತಿನ್ನುವ ಮೀನುಗಳನ್ನು ಬಿಟ್ಟರು. ಕೀಟನಾಶಕ ಲೇಪಿಸಿದ ಸೊಳ್ಳೆಪರದೆಗಳನ್ನು ಹಂಚಿದರು. ಸಿಂಪಡಿಸುವ ಔಷಧಿಗೆ ಸೊಳ್ಳೆಗಳು ಒಗ್ಗದಂತೆ ಅದನ್ನು ಆಗಾಗ ಬದಲಿಸಿದರು. ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲದಲ್ಲಿಯೂ ಈ ಕೆಲಸ ನಿಲ್ಲಲಿಲ್ಲ.

2012ರ ಅಕ್ಟೋಬರಿನಲ್ಲಿ ಕಾಣಿಸಿಕೊಂಡ ಒಂದು ಪ್ರಕರಣದ ನಂತರ ಸ್ಥಳೀಯವಾಗಿ ಹುಟ್ಟಿದ ಮಲೇರಿಯಾ ಇಲ್ಲವಾಯಿತು. ಮೂರು ವರ್ಷ ಹೀಗೆಯೇ ಸೊನ್ನೆಯಾಗಿ ಉಳಿದ ಮೇಲೆ ಪ್ರಮಾಣಪತ್ರಕ್ಕೆ ನಾಡು ಅರ್ಹವಾಯಿತು. ಆದರೆ ಹಳೆಯ ತಪ್ಪನ್ನು ಅವರು ಮತ್ತೆ ಮಾಡಲಿಲ್ಲ. ಹೊರದೇಶಗಳಿಂದ ಬರುವವರಲ್ಲಿ ಪ್ರತಿ ವರ್ಷವೂ ಹತ್ತಾರು ಮಂದಿಗೆ ಮಲೇರಿಯಾ ಕಂಡುಬರುತ್ತದೆ. ಅಂತಹ ಒಬ್ಬ ರೋಗಿ ಪತ್ತೆಯಾದರೂ ಆರೋಗ್ಯ ಸಿಬ್ಬಂದಿಯು ಆ ಮನೆಗೆ ಧಾವಿಸಿ ಸುತ್ತಲಿನವರ ರಕ್ತವನ್ನೂ ಸೊಳ್ಳೆಗಳನ್ನೂ ಪರೀಕ್ಷಿಸುತ್ತದೆ. ಸುತ್ತಲೂ ಕಡಲಿರುವುದು ಈ ಕೆಲಸದಲ್ಲಿ ದ್ವೀಪಕ್ಕೊಂದು ಅನುಕೂಲ: ರೋಗವು ಒಳಗೆ ಬರುವ ಬಾಗಿಲುಗಳು ಕೆಲವೇ ಇರುವುದರಿಂದ ಕಾವಲು ಕಾಯುವುದು ಸಾಧ್ಯವಾಗುತ್ತದೆ.

ಮನೆಯೊಳಗೆ ಹುಟ್ಟುವ ಸೊಳ್ಳೆ

ಹಾಗಾದರೆ ಇದೇ ಶಿಸ್ತು ಡೆಂಗಿಯನ್ನು ಏಕೆ ತಡೆಯಲಿಲ್ಲ? ಉತ್ತರವು ಸೊಳ್ಳೆ ಹುಟ್ಟುವ ನೀರಿನಲ್ಲಿದೆ. ಮಲೇರಿಯಾ ಸೊಳ್ಳೆಯ ತೊಟ್ಟಿಲು ಹೊಳೆಯ ಗುಂಡಿ, ಪಾಳು ಹೊಂಡ, ಗದ್ದೆಯ ಬದಿ. ಅಲ್ಲಿಗೆ ಸರ್ಕಾರದ ಸಿಬ್ಬಂದಿ ಹೋಗಬಹುದು, ಮೀನು ಬಿಡಬಹುದು. ಡೆಂಗಿ ಸೊಳ್ಳೆಯ ತೊಟ್ಟಿಲು ನಮ್ಮ ಅಂಗಳದಲ್ಲಿ, ತಾರಸಿಯಲ್ಲಿ, ಅಡುಗೆಮನೆಯ ಹಿಂಬದಿಯಲ್ಲಿ ಇದೆ. ಹೂಕುಂಡದ ಕೆಳಗಿನ ತಟ್ಟೆ, ಎಸೆದ ಟೈರು, ತೆಂಗಿನ ಚಿಪ್ಪು, ಎಳನೀರಿನ ಬುರುಡೆ, ಮುಚ್ಚಳವಿಲ್ಲದ ತೊಟ್ಟಿ, ಎಲೆ ಕಟ್ಟಿಕೊಂಡ ಮಾಳಿಗೆಯ ನೀರುದೋಣಿ, ಐಸ್‌ಕ್ರೀಮಿನ ಖಾಲಿ ಲೋಟ, ಹೀಗೆ ಅಂಗೈ ಅಗಲದ ನೀರು ಇದ್ದರೂ ಅದಕ್ಕೆ ಸಾಕು. ಕೊಳಚೆಗಿಂತ ತಿಳಿನೀರನ್ನೇ ಅದು ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಸಾವಿರಾರು ಗುಂಡಿಗಳನ್ನು ಹುಡುಕಬಲ್ಲ ಇಲಾಖೆಯು ಲಕ್ಷಾಂತರ ಮನೆಗಳ ಕೋಟಿಗಟ್ಟಲೆ ಪಾತ್ರೆಗಳನ್ನು ಪ್ರತಿ ವಾರ ಬೋರಲು ಹಾಕಲಾರದು. ಆ ಕೆಲಸ ಮನೆಯವರಿಂದಲೇ ಆಗಬೇಕು.

ಈಡಿಸ್ ಈಜಿಪ್ಟಿ ಎಂಬ ಮುಖ್ಯ ವಾಹಕವು ಮೂಲತಃ ಆಫ್ರಿಕದ್ದು. ಹಿಂದಿನ ಕಾಲದ ಹಡಗುಗಳ ಕುಡಿಯುವ ನೀರಿನ ಪೀಪಾಯಿಗಳಲ್ಲಿ ಪಯಣಿಸಿ ಅದು ಬಿಸಿನಾಡುಗಳ ಬಂದರುಗಳನ್ನು ಸೇರಿತು. ಅದರ ಜೊತೆಗೆ ಏಷ್ಯದ್ದೇ ಆದ ಈಡಿಸ್ ಆಲ್ಬೊಪಿಕ್ಟಸ್ ಕೂಡ ಶ್ರೀಲಂಕೆಯಲ್ಲಿದೆ. ಮೊದಲನೆಯದು ಪಟ್ಟಣದ ಮನೆಗಳ ಒಳಗೆ, ಬಟ್ಟೆಗಳ ಹಿಂದೆ, ಮಂಚದ ಕೆಳಗೆ ಅಡಗುತ್ತದೆ. ಎರಡನೆಯದು ತೋಟದ ನೆರಳಿನಲ್ಲಿ, ಮರದ ಪೊಟರೆಯಲ್ಲಿ, ಚಿಪ್ಪುಗಳಲ್ಲಿ ಬೆಳೆಯುತ್ತದೆ. ಗೋಡೆಗೆ ಬಳಿದ ಔಷಧಿಯು ಇವುಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಗಲಿನಲ್ಲಿ ಕಚ್ಚುವುದರಿಂದ ರಾತ್ರಿಯ ಪರದೆಯೊಂದೇ ಸಾಲದು. ಬೀದಿಯಲ್ಲಿ ಹೊಗೆ ಬಿಟ್ಟರೆ ಹಾರುವ ಸೊಳ್ಳೆಗಳು ಕೆಲವು ಸಾಯುತ್ತವೆಯೇ ಹೊರತು ನೀರಿನಲ್ಲಿರುವ ಮರಿಹುಳುಗಳಿಗೆ ಏನೂ ಆಗುವುದಿಲ್ಲ. ಒಂದೇ ವಾರದಲ್ಲಿ ಹೊಸ ಪೀಳಿಗೆ ಹಾರುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಈಡಿಸ್ ಸೊಳ್ಳೆಯು ಮೊಟ್ಟೆಗಳನ್ನು ನೀರಿನ ಮೇಲ್ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿಡುತ್ತದೆ. ನೀರು ಬತ್ತಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದಂತೆಯೇ ಜೀವ ಹಿಡಿದಿರುತ್ತವೆ. ಮುಂದಿನ ಮಳೆಗೆ ನೀರು ಮುಟ್ಟಿದೊಡನೆ ಒಡೆಯುತ್ತವೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಮೈಯನ್ನು ನಾರಿನಿಂದ ಚೆನ್ನಾಗಿ ತಿಕ್ಕಿ ತೊಳೆಯಬೇಕು.

2017ರಲ್ಲಿ ಅನೇಕ ಕಾರಣಗಳು ಒಟ್ಟುಗೂಡಿದವು. ಏಪ್ರಿಲ್ 14ರಂದು ಕೊಲಂಬೊ ನಗರದ ಮೀತೊಟಮುಲ್ಲ ಎಂಬಲ್ಲಿ ಬೆಟ್ಟದಂತೆ ಬೆಳೆದಿದ್ದ ಕಸದ ರಾಶಿ ಕುಸಿದು ಅನೇಕರು ಸತ್ತರು. ಆ ಬಳಿಕ ಕಸ ಸುರಿಯಲು ಜಾಗವಿಲ್ಲದೆ ಅದು ಬೀದಿಬೀದಿಗಳಲ್ಲಿ ಉಳಿಯಿತು. ಮೇ ತಿಂಗಳ ಕೊನೆಯಲ್ಲಿ ಭಾರಿ ಮಳೆ, ನೆರೆ ಬಂದವು. ಕಸದೊಳಗಿನ ಪ್ರತಿಯೊಂದು ಡಬ್ಬಿಯೂ ಚೀಲವೂ ನೀರು ತುಂಬಿಕೊಂಡವು. ಅದರ ಮೇಲೆ ಡೆಂಗಿ ವೈರಾಣುವಿನ ಬಗೆಯೂ ಬದಲಾಗಿತ್ತು. ಈ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಜ್ವರ ಬಂದು ಹೋದರೆ ಆ ಬಗೆಗೆ ಮಾತ್ರ ದೀರ್ಘಕಾಲದ ರಕ್ಷಣೆ ದೊರೆಯುತ್ತದೆ. ಇನ್ನೊಂದು ಬಗೆ ತಗುಲಿದರೆ ಎರಡನೆಯ ಜ್ವರವು ಮೊದಲಿನದಕ್ಕಿಂತ ತೀವ್ರವಾಗುವ ಸಂಭವವುಂಟು. ಹಿಂದಿನ ವರ್ಷಗಳಲ್ಲಿ ವಿರಳವಾಗಿದ್ದ ಎರಡನೆಯ ಬಗೆಯು ಆ ವರ್ಷ ಮೇಲುಗೈ ಪಡೆದಿತ್ತು. ಒಮ್ಮೆ ಡೆಂಗಿ ಬಂದವರು, ತಮಗೆ ಇನ್ನು ಭಯವಿಲ್ಲವೆಂದು ತಿಳಿಯಬಾರದು.

ಆದರೂ ಆ ವರ್ಷ ರೋಗ ತಗುಲಿದವರಲ್ಲಿ ಸತ್ತವರು ಸಾವಿರಕ್ಕೆ ಮೂವರಿಗಿಂತ ಕಡಿಮೆ. ಸಕಾಲದಲ್ಲಿ ಆಸ್ಪತ್ರೆಗೆ ಬಂದವರನ್ನು ಗಂಟೆಗಂಟೆಗೂ ನೋಡಿಕೊಂಡ ವೈದ್ಯರ ಮತ್ತು ದಾದಿಯರ ಶ್ರಮವೇ ಇದಕ್ಕೆ ಮುಖ್ಯ ಕಾರಣ.

ಜ್ವರ ಬಂದಾಗ ತಿಳಿದಿರಬೇಕಾದುದು

ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನಗಳೊಳಗೆ ಡೆಂಗಿಯು ಥಟ್ಟನೆ ಏರುವ ಜ್ವರ, ಕಣ್ಣಿನ ಹಿಂಭಾಗದ ನೋವು, ತಲೆನೋವು, ಮೈಕೈ ನೋವು, ವಾಕರಿಕೆ ಇವುಗಳೊಡನೆ ಆರಂಭವಾಗುತ್ತದೆ. ಹೆಚ್ಚಿನವರು ಒಂದು ವಾರದಲ್ಲಿ ಗುಣವಾಗುತ್ತಾರೆ. ಅಪಾಯವಿರುವುದು ಜ್ವರ ಇಳಿಯುವ ಹೊತ್ತಿನಲ್ಲಿ. ಮೂರರಿಂದ ಏಳನೆಯ ದಿನದ ನಡುವೆ ಮೈ ತಣ್ಣಗಾದಾಗ, ಗುಣವಾಯಿತೆಂದು ಮನೆಯವರು ನೆಮ್ಮದಿಗೊಳ್ಳುತ್ತಾರೆ. ಆ ಹೊತ್ತಿನಲ್ಲಿಯೇ ಕೆಲವರಲ್ಲಿ ರಕ್ತನಾಳಗಳಿಂದ ದ್ರವಾಂಶವು ಸೋರಿ ರಕ್ತದೊತ್ತಡ ಕುಸಿಯುತ್ತದೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಮಂಪರು ಅಥವಾ ತಳಮಳ, ತಣ್ಣನೆಯ ಕೈಕಾಲು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಳಗಾಗಲಿ ಎಂದು ಕಾಯಬಾರದು.

ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವುಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ಅವುಗಳನ್ನು ತಾವಾಗಿಯೇ ತೆಗೆದುಕೊಳ್ಳಬಾರದು. ಗಂಜಿ, ಎಳನೀರು, ಮಜ್ಜಿಗೆ, ಓಆರ್‌ಎಸ್ ನೀರು ಇವನ್ನು ಆಗಾಗ ಕೊಡುತ್ತಿರಬೇಕು. ಪಪ್ಪಾಯಿ ಎಲೆಯ ರಸವನ್ನು ನಂಬಿ ವೈದ್ಯರ ಬಳಿಗೆ ಹೋಗುವುದನ್ನು ತಡಮಾಡುವುದು ಅಪಾಯಕರ. ಇನ್ನು ಮಲೇರಿಯಾದ ಲಕ್ಷಣ ನಡುಕ, ಚಳಿ, ಜ್ವರ, ಬೆವರು. ಅದಕ್ಕೆ ಒಳ್ಳೆಯ ಔಷಧಿಗಳಿವೆ. ಆದರೆ ವೈವಾಕ್ಸ್ ಎಂಬ ಬಗೆಯ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರ ಮತ್ತೆ ಮೇಲೇಳುತ್ತದೆ. ಜ್ವರ ಬಿಟ್ಟಿತೆಂದು ಗುಳಿಗೆಯನ್ನು ನಡುವೆಯೇ ನಿಲ್ಲಿಸುವವರು, ಹದಿನೇಳಕ್ಕೆ ಇಳಿದಾಗ ಕೆಲಸ ನಿಲ್ಲಿಸಿದ ತಪ್ಪನ್ನೇ ತಮ್ಮ ಮೈಯಲ್ಲಿ ಮಾಡಿದಂತಾಗುತ್ತದೆ.

ಕಡಲ ಆಚೆ, ಈಚೆ

ದ್ವೀಪದ ಕಥೆ ದ್ವೀಪದಲ್ಲಿಯೇ ನಿಲ್ಲುವುದಿಲ್ಲ. 2005ರಲ್ಲಿ ಹಿಂದೂ ಮಹಾಸಾಗರದ ಕೊಮೊರೊಸ್, ರಿಯೂನಿಯನ್ ದ್ವೀಪಗಳಲ್ಲಿ ಎದ್ದ ಚಿಕುನ್‌ಗುನ್ಯಾ ಅಲೆಯು ರಿಯೂನಿಯನ್ ದ್ವೀಪದ ಜನರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗವನ್ನು ತಟ್ಟಿತು. ಅದೇ ಅಲೆ 2006ರಲ್ಲಿ ಭಾರತದಲ್ಲಿಯೂ ಹರಡಿ, ಕರ್ನಾಟಕವೊಂದರಲ್ಲಿಯೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಆ ವರ್ಷ ಕೀಲು ಹಿಡಿದು ಕೋಲೂರಿ ನಡೆದ ಹಿರಿಯರು ನಮ್ಮ ಊರೂರುಗಳಲ್ಲಿ ಇನ್ನೂ ಇದ್ದಾರೆ. ಶ್ರೀಲಂಕೆಗೂ ಆ ಅಲೆ ತಲಪಿತು.

ಮಲೇರಿಯಾ ಮುಕ್ತಿಯ ಪ್ರಮಾಣಪತ್ರ ದೊರೆತ ಕೆಲವೇ ತಿಂಗಳಲ್ಲಿ ಮನ್ನಾರಿನ ಬಾವಿಗಳಲ್ಲಿ ಅನಾಫಿಲಿಸ್ ಸ್ಟೀಫೆನ್ಸೈ ಎಂಬ ಸೊಳ್ಳೆ ಮೊದಲ ಬಾರಿಗೆ ಪತ್ತೆಯಾಯಿತು. ಅದು ಭಾರತದ ಪಟ್ಟಣಗಳ ಸೊಳ್ಳೆ. ನಮ್ಮ ಮಂಗಳೂರಿನಲ್ಲಿ ಕಟ್ಟಡ ಕಾಮಗಾರಿಯ ನೀರಿನಲ್ಲಿ, ತೊಟ್ಟಿಗಳಲ್ಲಿ ಬೆಳೆದು ಮಲೇರಿಯಾವನ್ನು ಹರಡಿದುದೂ ಇದೇ. ಅನಾಫಿಲಿಸ್ ಆದರೂ ಇದು ಈಡಿಸಿನಂತೆ ಮನೆಯ ತೊಟ್ಟಿಗಳಲ್ಲಿ ಬೆಳೆಯಬಲ್ಲುದು. ಗೆದ್ದ ಜ್ವರವೂ ಮನೆಯ ನೀರಿನ ಮೂಲಕವೇ ಮರಳಿ ಬರಬಹುದೆಂಬ ಎಚ್ಚರಿಕೆಯಿದು.

ಈ ಮಾತಿಗೆ ನಮ್ಮ ಬೆಂಗಳೂರಿನ ಒಂದು ಹಳೆಯ ಸಂಗತಿಯೂ ಸಾಕ್ಷಿಯಾಗಿದೆ. ಸೊಳ್ಳೆಯ ಒಡಲಿನಲ್ಲಿ ಮಲೇರಿಯಾದ ರೋಗಾಣುವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಅವರು, 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಯುವ ವೈದ್ಯರಾಗಿದ್ದರು. ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳುಗಳನ್ನು ಕಂಡು ಅವರು ಅದನ್ನು ಬೋರಲು ಹಾಕಿದರು. ಕೋಣೆಯ ಸೊಳ್ಳೆಗಳು ಕಡಿಮೆಯಾದವು. ಬೇರೆಡೆಯೂ ಹೀಗೆ ಮಾಡೋಣವೆಂದಾಗ ಸೇನಾಧಿಕಾರಿಯೊಬ್ಬರು, ಇದು ಪ್ರಕೃತಿಯ ನಿಯಮವನ್ನು ಕೆಡಿಸಿದಂತೆಂದು ಒಪ್ಪಲಿಲ್ಲವಂತೆ. ಜೀವದಯೆಯುಳ್ಳ ನಮ್ಮ ಭಕ್ತರಲ್ಲಿಯೂ ಕೆಲವರಿಗೆ ಇಂತಹ ಸಂಕೋಚ ಇರಬಹುದು. ನೀರನ್ನು ನಿಲ್ಲಲು ಬಿಡದಿದ್ದರೆ ಸೊಳ್ಳೆ ಹುಟ್ಟುವುದೇ ಇಲ್ಲ. ಕೊಲ್ಲುವ ಪ್ರಸಂಗವೂ ಬರುವುದಿಲ್ಲ. ನಾವು ಅಲಕ್ಷ್ಯದಿಂದ ಬಿಟ್ಟ ಒಂದು ಚಿಪ್ಪಿನ ನೀರು ನೆರೆಮನೆಯ ಮಗುವಿಗೆ ಜ್ವರ ತಂದರೆ ಅದು ದಯೆಯಾಗುವುದಿಲ್ಲ.

ವಾರಕ್ಕೊಂದು ದಿನ

ಶ್ರೀಲಂಕೆಯಲ್ಲಿ 2007ರ ಒಂದು ಕಾಯಿದೆಯು ತನ್ನ ಆವರಣದಲ್ಲಿ ಸೊಳ್ಳೆ ಬೆಳೆಯದಂತೆ ನೋಡಿಕೊಳ್ಳುವುದು ಮನೆಯವರ ಕರ್ತವ್ಯವೆಂದು ವಿಧಿಸಿ, ತಪ್ಪಿದವರಿಗೆ ದಂಡವನ್ನೂ ಗೊತ್ತುಪಡಿಸಿದೆ. ಅಲ್ಲಿ ಆರೋಗ್ಯ ಸಿಬ್ಬಂದಿ ಮುಖ್ಯವಾಗಿ ಪರಿಶೀಲಿಸುವ ಸ್ಥಳಗಳಲ್ಲಿ ಶಾಲೆ, ಕಟ್ಟಡ ಕಾಮಗಾರಿಗಳ ಜೊತೆಗೆ ಧಾರ್ಮಿಕ ಸ್ಥಳಗಳೂ ಸೇರಿವೆ. ಬಹಳ ಜನ ಸೇರುವಲ್ಲಿ ಪಾತ್ರೆಗಳೂ ಬಹಳ. ಯಾರ ಪಾತ್ರೆಯೂ ಅಲ್ಲದುದನ್ನು ತೊಳೆಯುವವರು ಮಾತ್ರ ಕಡಿಮೆ.

ದಂಡದ ಭಯವಿಲ್ಲದೆಯೇ ನಾವು ಮಾಡಬಹುದಾದುದು ಇಷ್ಟು. ವಾರದಲ್ಲಿ ಒಂದು ದಿನವನ್ನು ಗೊತ್ತು ಮಾಡಿಕೊಂಡು ಅಂದು ಮನೆಯ ಹಂಡೆ, ಕೊಳಗ, ಡ್ರಮ್ಮು, ತೊಟ್ಟಿಗಳನ್ನು ಖಾಲಿ ಮಾಡಿ, ತಿಕ್ಕಿ ತೊಳೆದು, ಒಣಗಿಸಿ ತುಂಬಬೇಕು. ನೀರಿನ ಅಭಾವವಿರುವ ಊರುಗಳಲ್ಲಿ ಪೂರ್ತಿ ಚೆಲ್ಲಲಾಗದಿದ್ದರೆ ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ತುಂಬಿ, ಖಾಲಿಯಾದ ಪಾತ್ರೆಯನ್ನು ತಿಕ್ಕಬೇಕು. ಸಂಪು ಮತ್ತು ಮಾಳಿಗೆಯ ಟ್ಯಾಂಕಿಗೆ ಸಂದಿಲ್ಲದ ಮುಚ್ಚಳವಿರಬೇಕು. ಅಂಗಳದ ಹಳೆಯ ಒರಳುಕಲ್ಲು, ಫ್ರಿಜ್ಜಿನ ಹಿಂಬದಿಯ ತಟ್ಟೆ, ಏರ್‌ಕೂಲರ್, ಹಕ್ಕಿಗಳಿಗೆ ನೀರಿಡುವ ಬಟ್ಟಲು, ದನಗಳ ಕಲ್ಲುಬಾನಿ ಇವನ್ನು ಮರೆಯಬಾರದು. ಬಾವಿ, ಕಲ್ಯಾಣಿಗಳಲ್ಲಿ ಗಪ್ಪಿ ಅಥವಾ ಗಂಬೂಸಿಯಾ ಮೀನುಗಳನ್ನು ಬಿಡಲು ಆರೋಗ್ಯ ಇಲಾಖೆಯ ನೆರವನ್ನು ಕೇಳಬಹುದು. ಹಗಲು ಮಲಗುವ ಶಿಶುಗಳಿಗೂ, ಗರ್ಭಿಣಿಯರಿಗೂ, ಜ್ವರದವರಿಗೂ ಹಗಲಿನಲ್ಲಿಯೇ ಪರದೆ ಕಟ್ಟಬೇಕು. ಜಾತ್ರೆ, ದಾಸೋಹ, ಮದುವೆಗಳು ಮುಗಿದ ಮರುದಿನ ಲೋಟ, ದೊನ್ನೆ, ಎಳನೀರಿನ ಬುರುಡೆಗಳನ್ನು ಒಟ್ಟುಮಾಡಿ ವಿಲೇವಾರಿ ಮಾಡುವುದನ್ನೂ ಸೇವೆಯ ಒಂದು ಭಾಗವೆಂದೇ ತಿಳಿಯಬೇಕು.

ಈಡಿಸ್ ಸೊಳ್ಳೆಯು ಹುಟ್ಟಿದ ಜಾಗದಿಂದ ಹೆಚ್ಚು ದೂರ ಹಾರುವುದಿಲ್ಲ. ಸಾಮಾನ್ಯವಾಗಿ ಕೆಲವು ನೂರು ಮೀಟರುಗಳೊಳಗೆ ಅದರ ಬಾಳು ಮುಗಿಯುತ್ತದೆ. ನಮ್ಮನ್ನು ಕಚ್ಚಿದ ಸೊಳ್ಳೆ ನಮ್ಮ ಮನೆಯಲ್ಲೋ ನಮ್ಮ ಕೇರಿಯಲ್ಲೋ ಹುಟ್ಟಿದ್ದು. ಒಂದು ಕೇರಿಯವರು ಒಟ್ಟಾಗಿ ವಾರಕ್ಕೊಮ್ಮೆ ಅರ್ಧ ಗಂಟೆ ಕೊಟ್ಟರೆ ಆ ಕೇರಿಯಲ್ಲಿ ಡೆಂಗಿಯ ಭಯ ಬಹಳಷ್ಟು ತಗ್ಗುತ್ತದೆ. ಹತ್ತು ಮನೆಗಳಲ್ಲಿ ಒಂಬತ್ತು ಮಾಡಿ ಒಂದು ಬಿಟ್ಟರೂ ಉಳಿದವರ ಶ್ರಮ ಅರೆಯಾಗುತ್ತದೆ. ಜ್ವರವಿಲ್ಲದ ವಾರದಲ್ಲಿಯೂ, ಜ್ವರವಿಲ್ಲದ ವರ್ಷದಲ್ಲಿಯೂ ಈ ಕೆಲಸವನ್ನು ಬಿಡದೆ ಮಾಡುವವರ ಮನೆಗಳಲ್ಲಿ ಆರೋಗ್ಯ ನೆಲೆಸಲಿ.